61 ಪಾರ್ಸಲ್, ಒಂದು ಎಸಿ, ಒಂದು ಇಳಕಲ್ ಸೀರೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ಊರು ಮತ್ತು ಕೆಲವು ಮೊತ್ತಗಳನ್ನು ಬದಲಿಸಲಾಗಿದೆ.)

ರಾಯಚೂರು ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಶುಶ್ರೂಷಕಿ, ವಯಸ್ಸು 43. ಇಲ್ಲಿ ಅವರನ್ನು ಗಂಗಮ್ಮ ಎನ್ನೋಣ. ಕೈಗೆ ಬರುವ ಸಂಬಳ 48,000 ರೂಪಾಯಿ. ಗಂಡ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ, 22,000. ಮಗಳು ಕಲಬುರಗಿಯಲ್ಲಿ ಪಿಯುಸಿ, ಮಗ ಎಂಟನೆಯ ತರಗತಿ, ಜೊತೆಗೆ ಅತ್ತೆ. ಅಟ್ಟದ ಮೇಲೆ ಬಿಚ್ಚದೇ ಇಟ್ಟ ಪಾರ್ಸಲ್‌ಗಳು ಗಂಡನ ಕಣ್ಣಿಗೆ ಬಿದ್ದವು. ಕ್ರೆಡಿಟ್ ಕಾರ್ಡಿನಲ್ಲಿ 58,400 ಬಾಕಿ ಇರುವುದೂ ಅದರ ಹಿಂದೆಯೇ ಗೊತ್ತಾಯಿತು. ಸಲಹೆಗೆ ಬರುವ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದರು.

ಗಂಡ ಹೇಳಿದ್ದು: "ದುಡಿಯಾಕಿ ಅಕಿ. ಖರ್ಚು ಮಾಡಬ್ಯಾಡ ಅಂದಿಲ್ಲರೀ. ಮುಚ್ಚಿಟ್ಟಿದ್ದಕ್ಕ ಸಿಟ್ಟು." ಹೆಂಡತಿ ಹೇಳಿದ್ದು: "ನನಗಂತ ಏನೂ ತಗೊಂಡಿಲ್ರೀ ಮೇಡಂ. ಎಲ್ಲಾ ನಾನೂರು, ಐನೂರರ ಸಾಮಾನು." ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ.

ಮೊದಲ ಭೇಟಿಯಲ್ಲಿ ದಂಪತಿಯನ್ನು ಒಟ್ಟಿಗೆ ಕೂರಿಸಲಿಲ್ಲ. ದುಡ್ಡಿನ ಜಗಳ ಅಂತ ಬರುವ ಕೆಲವು ಮನೆಗಳಲ್ಲಿ ಹೊಡೆತ ಇರುತ್ತದೆ, ಎಟಿಎಂ ಕಾರ್ಡ್ ಕಸಿದಿಟ್ಟಿರುತ್ತಾರೆ. ಅದನ್ನು ಗಂಡನ ಎದುರಿಗೆ ಯಾರೂ ಬಾಯಿಬಿಡುವುದಿಲ್ಲ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಆಮೇಲೆ ನೋಡಿದ್ದು ಕಾಯಿಲೆ ಏನಾದರೂ ಇದೆಯೇ ಎಂದು. ನಿದ್ದೆ ಎರಡು ಮೂರು ತಾಸಿಗೆ ಇಳಿದರೂ ದಣಿವೇ ಇಲ್ಲ, ಮಾತು ನಿಲ್ಲುವುದಿಲ್ಲ, ತಲೆ ತುಂಬ ದೊಡ್ಡ ದೊಡ್ಡ ಯೋಜನೆ, ಜೊತೆಗೆ ಮಿತಿಮೀರಿದ ಖರ್ಚು. ಇವೆಲ್ಲ ಒಟ್ಟಿಗೆ ಕಂಡರೆ ಉನ್ಮಾದ (ಮೇನಿಯಾ) ಎಂಬ ಮಾನಸಿಕ ಕಾಯಿಲೆಯ ಲಕ್ಷಣವಿರಬಹುದು. ಆಗ ಬಜೆಟ್ ಪಾಠ ಹೇಳುತ್ತ ಕೂರದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಬೇಕು. ಆಸ್ಪತ್ರೆ ದೂರವಿದ್ದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗಂಗಮ್ಮನವರದು ಇದಕ್ಕೆ ತದ್ವಿರುದ್ಧ, ಸದಾ ದಣಿವು. ರಕ್ತ ಪರೀಕ್ಷೆಗೆ ಕಳಿಸಿದಾಗ ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ ಮಾತ್ರ ಕಡಿಮೆ, 9.8 ಬಂತು. ವೈದ್ಯರು ಕಬ್ಬಿಣದ ಮಾತ್ರೆ ಶುರು ಮಾಡಿದರು. ಊರವರ ರಕ್ತ ತೆಗೆಯುವ ದಾದಿಯರು ತಮ್ಮ ರಕ್ತ ಪರೀಕ್ಷೆಗೆ ಕೊಡುವುದನ್ನು ಮುಂದೂಡುತ್ತಲೇ ಇರುತ್ತಾರೆ, ಇದು ಸಂಕಟದ ಸಂಗತಿ.

ಗಂಟೆಯ ಕಾಲಂ

ಮೂರು ತಿಂಗಳ ಬ್ಯಾಂಕ್, ಯುಪಿಐ, ಕಾರ್ಡ್ ಲೆಕ್ಕಗಳನ್ನು ಪ್ರಿಂಟ್ ತೆಗೆಸಿದೆವು. ಖರ್ಚಿನ ಪಟ್ಟಿ ಮಾಡುವವರು ಏನು, ಎಷ್ಟು ಎಂಬ ಎರಡು ಕಾಲಂ ಹಾಕಿ ನಿಲ್ಲಿಸುತ್ತಾರೆ. ಮೂರನೆಯದೊಂದು ಬೇಕು: ಆರ್ಡರ್ ಮಾಡಿದಾಗ ಗಂಟೆ ಎಷ್ಟು. ಅದು ಮೊಬೈಲಿಗೆ ಬಂದ ಮೆಸೇಜಿನಲ್ಲೇ ಸಿಗುತ್ತದೆ. ಗಂಗಮ್ಮ ಕೂತು ಬರೆದರು. ಒಟ್ಟು 61 ಆರ್ಡರ್, 34,200 ರೂಪಾಯಿ. ಅದರಲ್ಲಿ 43 ಆರ್ಡರ್ ರಾತ್ರಿ ಪಾಳಿಯ ದಿನಗಳವು. ಒಂದೋ ವಾರ್ಡ್ ಶಾಂತವಾದ ನಡುರಾತ್ರಿ ಒಂದರಿಂದ ನಾಲ್ಕರೊಳಗೆ, ಇಲ್ಲವೇ ಹಗಲು ಹನ್ನೊಂದರಿಂದ ಎರಡರೊಳಗೆ. ಪಾಳಿ ಮುಗಿಸಿ ಬಂದು ಮಹಡಿಯ ಕೋಣೆಯಲ್ಲಿ ಮಲಗಿ, ಸೆಕೆಗೆ, ಬೆಳಕಿಗೆ, ಕೆಳಗಿನ ಮಿಕ್ಸರ್ ಸಪ್ಪಳಕ್ಕೆ ಮಗ್ಗುಲು ಬದಲಿಸಿ ಸಾಕಾಗಿ ಫೋನ್ ಕೈಗೆತ್ತಿಕೊಳ್ಳುವ ಹೊತ್ತು ಅದು.

ಪಾರ್ಸಲ್‌ಗಳನ್ನು ಬಿಚ್ಚಿ ನೋಡಿದರೆ 399ರ ಕುರ್ತಾಗಳು, ಮುಖದ ಕ್ರೀಮು, ಒಂದೇ ಥರದ ಮೂರು ತರಕಾರಿ ಕತ್ತರಿಸುವ ಡಬ್ಬಿ. ನಡುವೆ 149 ರೂಪಾಯಿಯ ಕರಿ ಕಣ್ಪಟ್ಟಿ, ಬೆಳಕು ತಾಗದಂತೆ ಕಟ್ಟಿಕೊಂಡು ಮಲಗುವಂಥದ್ದು, ಎರಡು. ತರಿಸಿದ್ದೇ ಅವರಿಗೆ ಮರೆತುಹೋಗಿತ್ತು.

"ಯಾರೂ ನೋಡಂಗಿಲ್ಲ, ಯಾರೂ ಕೇಳಂಗಿಲ್ಲ ಅಂದ್ರೆ, ವರ್ಷಗಟ್ಟಲೆಯಿಂದ ಬೇಕು ಅನಿಸಿದ್ದು ಯಾವುದು?" ಎಂದು ಕೇಳಿದಾಗ ಉತ್ತರಕ್ಕೆ ತಡವಾಗಲಿಲ್ಲ. ಹಗಲಲ್ಲಿ ಐದು ತಾಸು ಎಚ್ಚರಾಗದ ನಿದ್ದೆ. ಕಾಲು ನೋಯದ ಬೂಟು. ಒಂದು ಅಸಲಿ ಇಳಕಲ್ ಸೀರೆ. 61 ಪಾರ್ಸಲ್‌ನಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ದೊಡ್ಡ ಮೊತ್ತದ ಆಸೆಯನ್ನು ಮನೆಯಲ್ಲಿ ಹೇಳಲು ಅಂಜಿದವರು ಅದೇ ಮೊತ್ತವನ್ನು ಐನೂರು ಐನೂರಾಗಿ ಕಳೆಯುತ್ತಾರೆ. ಐನೂರಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ. ಗಂಗಮ್ಮನವರಿಗೆ ಕೊಟ್ಟ ಸಲಹೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ: ಖರ್ಚು ಕಡಿಮೆ ಮಾಡುವ ಮುಂಚೆ ನಿಜವಾದ ಆಸೆಯನ್ನು ಹೆಸರು ಹಿಡಿದು ಹೇಳಬೇಕು, ಮನೆಯವರ ಎದುರಿಗೇ ಹೇಳಬೇಕು.

ಮೊದಲು ಕಾರ್ಡ್

ಆಸೆಗೆ ದುಡ್ಡು ಕೂಡಿಸುವ ಮುಂಚೆ ಸಾಲ ತೀರಬೇಕಿತ್ತು. ಅವರ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. 58,400ಕ್ಕೆ ತಿಂಗಳ ಬಡ್ಡಿ 2,044, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಸುಮಾರು 2,412. ಇವರು ಪ್ರತಿ ತಿಂಗಳು ತಪ್ಪದೆ "ಕನಿಷ್ಠ ಮೊತ್ತ" 2,920 ಕಟ್ಟಿ ನಿಶ್ಚಿಂತೆಯಿಂದ ಇದ್ದರು. ಅಸಲಿಗೆ ಜಮೆಯಾಗುತ್ತಿದ್ದದ್ದು 508 ರೂಪಾಯಿ! ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ, ಬಡ್ಡಿಯಿಲ್ಲದ ದಿನಗಳ ಸವಲತ್ತು ಸಿಗುವುದಿಲ್ಲ. ಇನ್ನೊಂದು ಕಡೆ ಶೇ 7ಕ್ಕಿಂತ ಕಡಿಮೆ ಬಡ್ಡಿಯ ಆರ್‌ಡಿಯಲ್ಲಿ (ತಿಂಗಳು ತಿಂಗಳು ಕಟ್ಟುವ ಠೇವಣಿ) 41,000 ಕೂತಿತ್ತು. "ಆರ್‌ಡಿ ಮುರಿಬಾರದು" ಎಂಬುದು ಅವರ ಮನೆಯ ನಿಯಮ. ಶೇ 42ರ ಸಾಲ ತಲೆಯ ಮೇಲಿರುವಾಗ ಆ ನಿಯಮ ನಷ್ಟದ್ದು. ಮುರಿಸಿ ಕಟ್ಟಿಸಿದೆವು. ಉಳಿದ ಬಾಕಿ ಎರಡು ಸಂಬಳದಲ್ಲಿ ತೀರಿತು.

ಕಾರ್ಡನ್ನು ಕತ್ತರಿಸುವ ಅಗತ್ಯವಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್ ವಹಿವಾಟನ್ನು ಬಂದ್ ಮಾಡುವ ಸ್ವಿಚ್ ಇರುತ್ತದೆ, ಅದನ್ನು ಬಂದ್ ಇಡುವುದು. ಶಾಪಿಂಗ್ ಆ್ಯಪ್‌ನಲ್ಲಿ ಉಳಿಸಿದ ಕಾರ್ಡ್ ವಿವರ ಅಳಿಸುವುದು. ರಾತ್ರಿ ಬೇಕೆನಿಸಿದ್ದನ್ನು ಚೀಟಿಯಲ್ಲಿ ಬರೆದಿಟ್ಟು ಮೂರು ದಿನ ಬಿಟ್ಟು, ನಿದ್ದೆಯಾದ ಮೇಲೆ ಓದುವುದು. ಕಾರ್ಟಿಗೆ ಹಾಕಿಡುವುದು ಬೇಡ, "ಬೆಲೆ ಇಳಿದಿದೆ" ಎಂಬ ಸಂದೇಶ ಅಲ್ಲಿಂದಲೇ ಬರುತ್ತದೆ. "ನೋ ಕಾಸ್ಟ್ ಇಎಂಐ" ಬಗ್ಗೆಯೂ ಎಚ್ಚರಿಸಿದೆವು. ಅದರಲ್ಲಿ ಬಡ್ಡಿಯನ್ನು ರಿಯಾಯಿತಿಯಾಗಿ ತೋರಿಸುತ್ತಾರೆ, ಆದರೆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ನಮ್ಮ ಕೈಯಿಂದಲೇ ಹೋಗುತ್ತವೆ.

ನಿದ್ದೆಯ ಲೆಕ್ಕ

ಎರಡನೆಯ ಭೇಟಿಯಲ್ಲಿ ಗಂಡನನ್ನೂ ಜೊತೆಗೆ ಕೂರಿಸಿದೆವು. ಹಗಲಿನ ನಿದ್ದೆಗೆ ಮಹಡಿಯ ಕೋಣೆಗೊಂದು ಎಸಿ ಬೇಕು ಎಂಬ ಮಾತು ಬಂದ ಕೂಡಲೇ ಅವರಿಗೆ ನೆನಪಾದದ್ದು ಕರೆಂಟ್ ಬಿಲ್. ಆ ಹೆದರಿಕೆ ಸುಳ್ಳಲ್ಲ, ಆದರೆ ಲೆಕ್ಕ ಹಾಕದ ಹೆದರಿಕೆ. "ಕೂಲರ್ ಸಾಕಲ್ರೀ" ಎಂಬುದು ಅವರ ಎರಡನೆಯ ಮಾತು. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿಗೆ ನಮ್ಮ ಕಡೆ ಕೂಲರ್ ಚೆನ್ನಾಗಿಯೇ ತಂಪು ಕೊಡುತ್ತದೆ. ಮಳೆ ಶುರುವಾದ ಮೇಲೆ ಬರೀ ಜಿಗುಟು. ಬೋರ್ ನೀರಿನ ಉಪ್ಪು ಪ್ಯಾಡಿಗೆ ಕಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕೂಲರಿಗೆ ಕಿಟಕಿ ತೆರೆದಿರಬೇಕು. ಹಗಲು ಮಲಗುವವರಿಗೆ ಕಿಟಕಿ ತೆರೆದರೆ ಬೆಳಕು ಬಂತು, ಬೀದಿಯ ಸದ್ದೂ ಬಂತು. ರಾತ್ರಿ ಮಲಗುವವರ ಕೂಲರ್ ಹಗಲು ಮಲಗುವವರ ಕೆಲಸಕ್ಕೆ ಬರುವುದಿಲ್ಲ.

ಕೋಣೆ 10×12 ಅಡಿ, ಮೇಲೆ ಬಿಸಿಲಿಗೆ ಕಾದ ಆರ್‌ಸಿಸಿ ಚಾವಣಿ. ಇಷ್ಟು ಜಾಗಕ್ಕೆ ಒಂದು ಟನ್ ಸಾಕು, ಆದರೆ ಚಾವಣಿ ಕಾಯುವುದರಿಂದ 1.5 ಟನ್, 5 ಸ್ಟಾರ್, ಇನ್ವರ್ಟರ್. ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ, ಅದು 1,600 ತಾಸಿನ ಲೆಕ್ಕ. ಇವರು ನೋಡಿದ ಮಾದರಿಯಲ್ಲಿ 770 ಇತ್ತು. ಭಾಗಿಸಿದರೆ ತಾಸಿಗೆ 0.48. ರಾಯಚೂರಿನ ಬಿಸಿಲಿಗೆ ಕಾಲು ಭಾಗ ಹೆಚ್ಚು ಹಿಡಿದು 0.6 ಎನ್ನೋಣ. ತಿಂಗಳಿಗೆ ಹತ್ತು ರಾತ್ರಿ ಪಾಳಿ, ಹಗಲಲ್ಲಿ ಏಳು ತಾಸು ಅಂದರೆ 42 ಯೂನಿಟ್. ಮನೆಯ ಮಾಮೂಲಿ ಬಳಕೆ 120. ಒಟ್ಟು 162, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯ ಒಳಗೇ. ಇವರಿಗೆ ನಿಗದಿಯಾದ ಉಚಿತ ಪ್ರಮಾಣ 130 ಯೂನಿಟ್ ಆದ್ದರಿಂದ ಮೇಲಿನ 32ಕ್ಕೆ, ಯೂನಿಟ್‌ಗೆ 6 ರೂಪಾಯಿ ಹಿಡಿದರೆ, ಸುಮಾರು 200 ರೂಪಾಯಿ ಬರುತ್ತದೆ. ಆದರೆ ಮನೆಮಂದಿಯೆಲ್ಲ ದಿನಾ ರಾತ್ರಿ ಎಂಟು ತಾಸು ಹಾಕಿಕೊಂಡು ಮಲಗಿದರೆ ಇನ್ನೂ 144 ಸೇರಿ 306 ಆಗುತ್ತದೆ. 200 ದಾಟಿದ ತಿಂಗಳು ಜೆಸ್ಕಾಂ ಬಿಲ್ಲನ್ನು ಪೂರ್ತಿ ಕಟ್ಟಬೇಕು. 1,800ರ ಮೇಲೆ, ಜೊತೆಗೆ ನಿಗದಿತ ಶುಲ್ಕ. ಈ ಎರಡು ಸಾಲನ್ನು ಗಂಡ ತಮ್ಮ ಕೈಯಾರೆ ಬರೆದ ಮೇಲೆ ಮಾತು ಬೇರೆ ದಾರಿ ಹಿಡಿಯಿತು: ಏಪ್ರಿಲ್, ಮೇ ಎರಡೇ ತಿಂಗಳು ಎಲ್ಲರೂ ಅಲ್ಲೇ ಮಲಗೋಣ, ಆ ಬಿಲ್ ಕಟ್ಟೋಣ ಎಂದು ಅವರೇ ತೀರ್ಮಾನಿಸಿದರು.

ಕೊಳ್ಳುವಾಗ ಮರೆಯುವ ಖರ್ಚುಗಳಿವೆ. ಎಸಿಗೆ ಮೀಟರ್ ಬೋರ್ಡಿನಿಂದ ಬೇರೆಯೇ ಲೈನ್, 4 ಚದರ ಮಿ.ಮೀ. ತಾಮ್ರದ ವೈರ್, ಪ್ರತ್ಯೇಕ ಎಂಸಿಬಿ (ಲೋಡ್ ಮಿತಿಮೀರಿದರೆ ತಾನಾಗಿ ಬಂದ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಮಂಜೂರಾದ ಲೋಡ್ 1 ಕಿಲೋವ್ಯಾಟ್ ಇದ್ದರೆ ಹೆಚ್ಚಿಸಿಕೊಳ್ಳಬೇಕು. ಕೂರಿಸುವಾಗ ಹೆಚ್ಚುವರಿ ತಾಮ್ರದ ಪೈಪಿಗೆ ಮೀಟರ್ ಲೆಕ್ಕದಲ್ಲಿ ಬೇರೆ ಹಣ ಕೇಳುತ್ತಾರೆ. ಎಲ್ಲ ಸೇರಿ 48,000 ಎಂದು ಬರೆದೆವು. ಬಳಸುವಾಗ 26 ಡಿಗ್ರಿಗೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕುವುದು, ಧೂಳಿನ ಊರಾದ್ದರಿಂದ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು. ಚಾವಣಿಗೆ ಬಿಳಿ ಕೂಲ್ ಪೇಂಟ್, ಪಶ್ಚಿಮದ ಕಿಟಕಿಗೆ ಎರಡು ಪದರದ ಕರಿ ಪರದೆ ಎಸಿಗಿಂತ ಮುಂಚೆಯೇ ಆಗಬೇಕು. ಅಷ್ಟರಿಂದಲೇ ನಿದ್ದೆ ಒಂದು ತಾಸು ಬೆಳೆಯಿತು. ನಡುರಾತ್ರಿ ಮೂರರ ನಂತರ ಚಹಾ ಬಿಡುವುದು, ಬೆಳಿಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ, ಫೋನ್ ಕೋಣೆಯ ಹೊರಗೆ, ಮತ್ತು ಅಟ್ಟದಿಂದ ಇಳಿಸಿದ ಆ ಕಣ್ಪಟ್ಟಿ.

ಈ ಎಸಿಯನ್ನೂ 3,200ರ ಬೂಟನ್ನೂ "ಗಂಗಮ್ಮನ ಶೋಕಿ" ಪಟ್ಟಿಯಿಂದ ತೆಗೆಸಿ ಮನೆಖರ್ಚಿಗೆ ಸೇರಿಸಿದೆವು. ರಾತ್ರಿಯಿಡೀ ನಿಂತು ದುಡಿಯುವವರ ನಿದ್ದೆ, ಪಾದ ಎರಡೂ ಆ ಮನೆಯ ದುಡಿಮೆಯ ಬಂಡವಾಳ. (ಬೂಟನ್ನು ಸಂಜೆ ಕೊಳ್ಳಬೇಕು, ಆಗ ಪಾದ ಊದಿರುತ್ತದೆ. ಮುಂದೆ ಹೆಬ್ಬೆರಳಗಲ ಜಾಗ ಇರಲಿ.)

ಕೇಳಬಾರದ ದುಡ್ಡು

ಸೀರೆ ಮಾತ್ರ ಅಪ್ಪಟ ಶೋಕಿ. ಅದಕ್ಕೆ ಉಪಯೋಗದ ನೆಪ ಹುಡುಕಬಾರದು ಎಂದು ಒತ್ತಿ ಹೇಳಿದೆವು. ದಂಪತಿ ಇಬ್ಬರಿಗೂ ತಿಂಗಳಿಗೆ 2,500, ಬೇರೆ ಬೇರೆ ಉಳಿತಾಯ ಖಾತೆ, ಸಂಬಳ ಬಿದ್ದ ಮರುದಿನ ತಾನಾಗಿ ವರ್ಗವಾಗುವಂತೆ. ಅದರ ಲೆಕ್ಕ ಕೇಳುವಂತಿಲ್ಲ, ಪಾರ್ಸಲ್ ಬಿಚ್ಚಿ ನೋಡುವಂತಿಲ್ಲ. ಸಂಬಳ ಹೆಚ್ಚು ಕಡಿಮೆ ಇದ್ದರೂ ಮೊತ್ತ ಸಮ ಇರಬೇಕು, ಇಲ್ಲದಿದ್ದರೆ ಈ ಖಾತೆಯೇ ಹೊಸ ಜಗಳವಾಗುತ್ತದೆ. ಮೊತ್ತ ತೀರಾ ಸಣ್ಣದಾದರೆ ಮತ್ತೆ ಮುಚ್ಚಿಡುವುದು ಶುರು. ಶಾಲೆ ಫೀಸಿನ ತಿಂಗಳು "ಅದರಾಗಿಂದ ಕೊಡು" ಎಂದು ಕೈಹಾಕಿದರೆ ಖಾತೆ ಅಲ್ಲಿಗೆ ಸತ್ತಂತೆ. ಪಾರ್ಸಲ್‌ಗಳಿಗೆ ತಿಂಗಳಿಗೆ ಹೋಗುತ್ತಿದ್ದ 11,400ರಲ್ಲಿ 2,500 ಕಳೆದು ಉಳಿದ 8,900 ಮೊದಲು ಕಾರ್ಡಿಗೆ, ಆಮೇಲೆ ಸುಮಾರು ಐದೂವರೆ ತಿಂಗಳು ಎಸಿಗೆ.

ಅತ್ತೆಯವರಿಗೂ 500 ರೂಪಾಯಿ ಕೈಖರ್ಚು ಗೊತ್ತು ಮಾಡಿಸಿದೆವು. ಸೊಸೆ ಹಗಲು ಮಲಗುವುದಕ್ಕೆ ಅವರದೊಂದು ಗೊಣಗಾಟ ಇತ್ತು. ಕೂರಿಸಿ ಕೇಳಿದಾಗ, ಎಲೆ ಅಡಿಕೆಗೂ ಮಗನ ಮುಂದೆ ಕೈಚಾಚಬೇಕು ಎಂಬ ನೋವು ಹೊರಬಿತ್ತು. ಚಟ್ನಿಯನ್ನು ಬೆಳಿಗ್ಗೆ ಎಂಟೂವರೆಯೊಳಗೆ ರುಬ್ಬಿ ಮುಗಿಸಲು ಅವರೇ ಒಪ್ಪಿದರು. ಕೂಡಿಸಿದ ದುಡ್ಡಿನಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೂ ಹೋಗಿಬಂದರು.

ದಸರಾ ಸೇಲಿನಲ್ಲಿ ನಾಲ್ಕು ಪಾರ್ಸಲ್ ಮತ್ತೆ ಬಂದವು, 2,350 ರೂಪಾಯಿ. ಈ ಸಲ ಗಂಗಮ್ಮ ಗಂಡನಿಗೆ ತಾವೇ ಹೇಳಿದರು, ದುಡ್ಡು ಅವರ ಖಾತೆಯದ್ದೇ. ಗಡುವಿನೊಳಗೆ ಎರಡನ್ನು ಹಿಂದಿರುಗಿಸಿದರು. ಸೀರೆ ಒಂದು ತಿಂಗಳು ಮುಂದೆ ಹೋಯಿತು, ಅಷ್ಟೇ.

ಕುಷ್ಟಗಿ ದಾಟಿದರೆ ಇಳಕಲ್. ನೇಕಾರರ ಕಡೆಯೇ ಹೋಗಿ ನೋಡಿ ತರಲು ಹೇಳಿದೆವು. ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಜೋಡಣೆಯನ್ನು ಹಿಂಬದಿಯಿಂದ ಬೆರಳಾಡಿಸಿ ನೋಡಬೇಕು. ತೋಪು ತೆನಿ (ಇಳಕಲ್ ಸೀರೆಯ ಸೆರಗಿನ ವಿನ್ಯಾಸ) ಸೆರಗು ರೇಷ್ಮೆಯೇ ಎಂದು ತಿಳಿಯಲು ಸೆರಗಿನ ತುದಿಯ ಒಂದು ಎಳೆ ಸುಟ್ಟರೆ ಸಾಕು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಉಜ್ಜಿದರೆ ಬೂದಿ. ಕೃತಕ ರೇಷ್ಮೆ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಳಿಗೆಯಾಗುತ್ತದೆ. ತಂದ ಮೇಲೆ "ಮಗಳ ಮದುವಿಗೆ ಇಡ್ತೀನಿ" ಎನ್ನುವಂತಿಲ್ಲ, ತಿಂಗಳೊಳಗೆ ಉಡಬೇಕು ಎಂಬುದು ಕರಾರು. ಟ್ರಂಕಿಗೆ ಹೋದ ಸೀರೆ ಬಿಚ್ಚದ ಪಾರ್ಸಲ್‌ಗೆ ಸಮ.

ಏಪ್ರಿಲ್‌ನ ಮರುಭೇಟಿಯ ಹೊತ್ತಿಗೆ ಎಸಿ ಕೂತಿತ್ತು. ಪಾಳಿಯ ದಿನಗಳಲ್ಲಿ ಐದೂವರೆ ತಾಸು ನಿದ್ದೆ, ಕಾರ್ಡ್ ಬಾಕಿ ಸೊನ್ನೆ. ಯುಗಾದಿಗೆ ದಾಳಿಂಬೆ ಬಣ್ಣದ ಸೀರೆ ಉಟ್ಟಿದ್ದರು. ಉಳಿದ ತೊಡಕು ಗಂಡನದು. ತಮ್ಮ ಖಾತೆಯ ದುಡ್ಡನ್ನು ಅವರು ಒಮ್ಮೆಯೂ ಮುಟ್ಟದೆ ಪ್ರತಿ ತಿಂಗಳು ಮನೆಖರ್ಚಿಗೇ ಹಾಕುತ್ತಿದ್ದರು. ಇದು ತ್ಯಾಗದಂತೆ ಕಂಡರೂ ಮುಂದೊಂದು ದಿನ "ನಾನೇನು ಖರ್ಚು ಮಾಡಿದೀನಿ?" ಎಂಬ ಮಾತಾಗಿ ಹೆಂಡತಿಯ ಮೇಲೆ ತಿರುಗುತ್ತದೆ. ಹಾಗಾಗಿ ಅವರಿಗೂ ಅದೇ ಪ್ರಶ್ನೆ ಕೇಳಿ, ಮುಂದಿನ ಭೇಟಿಗೆ ಮೂರು ಆಸೆ ಬರೆದು ತರಲು ಹೇಳಿದ್ದೇವೆ.