ಓದುಗರ ಪ್ರಶ್ನೆ: ಕುಕೀ ಯಾಕೆ ಕೇಳ್ತಾರೆ, ‘ಒಪ್ಪಿದೆ’ ಒತ್ತಿದ್ರೆ ಎಂತಾಗ್ತದೆ?

ಪ್ರಶ್ನೆ: ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು, ಮಲಯಾಳ ಮಾತಾಡ್ತೇನೆ ಆದ್ರೆ ಓದ್ಲಿಕ್ಕೆ ಬರೋದಿಲ್ಲ. ಮೊಬೈಲಲ್ಲಿ ಶಾಪಿಂಗ್ ಸೈಟ್ ಓಪನ್ ಮಾಡಿದ್ರೆ ಮಲಯಾಳದಲ್ಲೇ ಬರ್ತದೆ, ಕನ್ನಡ ಮಾಡಿ ಇಟ್ರೂ ಸ್ವಲ್ಪ ಸಮಯ ಆದ್ಮೇಲೆ ಪುನಃ ಮಲಯಾಳ. ಕೆಳಗೆ ಕುಕೀ ಒಪ್ಪಿ ಅಂತ ಎಂತದೋ ಇರ್ತದೆ, ಅರ್ಥ ಆಗದೆ ಒತ್ತಿಬಿಡ್ತೇನೆ.
- ಓದುಗರು, ಬದಿಯಡ್ಕ

ಉತ್ತರ: ನೀವು ಕೇಳಿದ ಎರಡೂ ವಿಷಯಕ್ಕೆ ಸಂಬಂಧ ಉಂಟು. ನಿಮ್ಮ ನೆಟ್ ಕನೆಕ್ಷನ್ನಿನ ಐಪಿ ಅಡ್ರೆಸ್, ಅಂದ್ರೆ ನೆಟ್‌ನಲ್ಲಿ ಅದಕ್ಕಿರುವ ಗುರುತಿನ ನಂಬರ್ ನೋಡಿ ಸೈಟ್ ಇದು ಕೇರಳ ಅಂತ ಅಂದಾಜು ಮಾಡ್ತದೆ, ಮಲಯಾಳ ಕೊಡ್ತದೆ. ನೀವು ಕನ್ನಡ ಆರಿಸಿದ್ರೆ ಆ ಆಯ್ಕೆಯನ್ನು ಹೆಚ್ಚಾಗಿ ಒಂದು ಕುಕೀಯಲ್ಲಿ ಬರೆದಿಡ್ತದೆ. ಕುಕೀ ಅಂದ್ರೆ ಹೆಚ್ಚೆಂದ್ರೆ 4 ಕೆಬಿಯಷ್ಟು ಚಿಕ್ಕ ಬರಹ, ಸೈಟ್ ಅದನ್ನು ಕಳಿಸ್ತದೆ, ನಿಮ್ಮ ಬ್ರೌಸರ್ (ಸೈಟ್ ತೆರೆಯುವ ಕ್ರೋಮ್‌ನಂಥ ಆ್ಯಪ್) ಇಟ್ಕೊಳ್ತದೆ, ಆಮೇಲೆ ಆ ಸೈಟಿಗೆ ಹೋದಾಗೆಲ್ಲ ಅದನ್ನೇ ವಾಪಸ್ ತೋರಿಸ್ತದೆ. ಯಾಕೆ ಬೇಕಾಯ್ತು ಅಂದ್ರೆ ಬ್ರೌಸರೂ ಸೈಟೂ ಮಾತಾಡುವ ಕ್ರಮಕ್ಕೆ, ಅಂದ್ರೆ ಎಚ್‌ಟಿಟಿಪಿಗೆ, ನೆನಪು ಅಂತ ಇಲ್ಲ, ಒಂದು ಪೇಜ್ ಕೇಳಿ ಇನ್ನೊಂದು ಕೇಳುವಷ್ಟರಲ್ಲಿ ನೀವು ಯಾರೂಂತ ಅದಕ್ಕೆ ಗೊತ್ತಿರೋದಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದಕ್ಕೆ ದಾರಿ ಹುಡುಕಿದ್ರು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಹಾಗೆ, ಟೋಕನ್ ನೋಡಿದ್ರೆ ಯಾವ ಚಪ್ಪಲಿ ಅಂತ ಗೊತ್ತಾಗ್ತದೆ, ಹೆಸರು ಕೇಳ್ಬೇಕಂತಿಲ್ಲ.

ಆ ಕುಕೀಗೆ ಆಯುಷ್ಯ ಉಂಟು. ಕ್ರೋಮ್‌ನಲ್ಲಿ ಗರಿಷ್ಠ 400 ದಿನ, ಸೈಟಿನವರು ಅದಕ್ಕಿಂತ ಕಮ್ಮಿ ಇಟ್ಟಿರ್ಲೂಬಹುದು, ಅಥವಾ ಯಾರಾದ್ರೂ ಬ್ರೌಸಿಂಗ್ ಡೇಟಾ ಕ್ಲಿಯರ್ ಮಾಡಿದ್ರೂ ಹೋಗ್ತದೆ, ಅದ್ರ ಜೊತೆ ನಿಮ್ಮ ಕನ್ನಡವೂ ಹೋಯ್ತು. ಅದಕ್ಕೆ ಕುಕೀಯನ್ನೇ ನಂಬ್ಬೇಡಿ, ಕ್ರೋಮ್ ಸೆಟ್ಟಿಂಗ್ಸಲ್ಲಿ ಲ್ಯಾಂಗ್ವೇಜಸ್‌ಗೆ ಹೋಗಿ ಕನ್ನಡವನ್ನು ಮೊದಲಿಗೆ ಹಾಕಿ. ಆಗ ನಿಮಗೆ ಕನ್ನಡ ಬೇಕು ಅಂತ ಬ್ರೌಸರೇ ಪ್ರತಿ ಸಲ ಹೇಳ್ತದೆ. ಎಲ್ಲ ಸೈಟ್ ಕೇಳೋದಿಲ್ಲ, ಸರಿಯಾಗಿ ಮಾಡಿದ ಸೈಟ್ ಕೇಳ್ತದೆ.

ಇನ್ನು ಅರ್ಥ ಆಗದೆ ಒತ್ತುವ ವಿಷಯ. ಇದು ನಮ್ಮ ಗಡಿನಾಡಿನವರಿಗೆ ಎಲ್ಲರಿಗಿಂತ ಮುಖ್ಯ ಅಂತ ನಂಗೆ ಅನಿಸ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ ನಿಮ್ಮ ವೈಯಕ್ತಿಕ ಮಾಹಿತಿಗೆ ಒಪ್ಪಿಗೆ ಕೇಳುವವರು ಅದನ್ನು ಇಂಗ್ಲಿಷಲ್ಲಿ ಅಥವಾ ಸಂವಿಧಾನದ ಎಂಟನೇ ಶೆಡ್ಯೂಲಿನ 22 ಭಾಷೆಗಳಲ್ಲಿ ಯಾವುದ್ರಲ್ಲಿ ಬೇಕಾದ್ರೂ ಓದುವ ಆಯ್ಕೆ ಕೊಡ್ಬೇಕು. ಕನ್ನಡ ಆ ಪಟ್ಟಿಯಲ್ಲಿ ಉಂಟು. ಗಮನಿಸಿ, ನೀವು ಯಾವ ರಾಜ್ಯದಲ್ಲಿ ಇದ್ದೀರಿ ಅಂತ ಕಾಯ್ದೆ ಕೇಳೋದಿಲ್ಲ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ರೂ ಬದಿಯಡ್ಕದವರಿಗೆ ಬೆಂಗಳೂರಿನವರಷ್ಟೇ ಹಕ್ಕು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭದಲ್ಲಿ ವಾಪಸ್ ತಗೊಳ್ಲಿಕ್ಕೂ ಆಗ್ಬೇಕು. ನಿಯಮಗಳು 2025ರ ನವೆಂಬರಲ್ಲಿ ಬಂದವು, ಒಪ್ಪಿಗೆಯ ಭಾಗ ಪೂರ್ತಿ ಜಾರಿಗೆ ಬರ್ಲಿಕ್ಕೆ 18 ತಿಂಗಳ ಗಡುವು ಇಟ್ಟಿದ್ದಾರೆ. ಅಲ್ಲಿವರೆಗೆ ಕಾಯ್ಬೇಕಂತಿಲ್ಲ, ಸೈಟಿನ ದೂರು ವಿಳಾಸಕ್ಕೆ ಕನ್ನಡದಲ್ಲಿ ಕೊಡಿ ಅಂತ ಈಗ್ಲೇ ಬರೀರಿ. ಯಾರೂ ಕೇಳದಿದ್ರೆ ಕನ್ನಡ ಬೇಕಾದವರೇ ಇಲ್ಲ ಅಂತ ಅವರು ಬರೆದುಕೊಳ್ತಾರೆ.

ಪ್ರಶ್ನೆ: ಅಡಿಕೆಗೆ ಮದ್ದು ಬಿಡುವ ಪಂಪ್ ಒಂದ್ಸಲ ನೋಡಿದೆ. ಈಗ ಪೇಪರ್ ಓದುವ ಸೈಟಲ್ಲೂ ಅದ್ರದ್ದೇ ಜಾಹೀರಾತು. ನನ್ನ ಫೋನ್ ಯಾರಾದ್ರೂ ನೋಡ್ತಾ ಇದ್ದಾರಾ?
- ಮಂಜೇಶ್ವರ

ಉತ್ತರ: ಫೋನ್ ಒಳಗೆ ಯಾರೂ ಬಂದದ್ದಲ್ಲ. ಪಂಪ್ ಮಾರುವ ಪೇಜಲ್ಲೂ ಪೇಪರಿನ ಪೇಜಲ್ಲೂ ಒಂದೇ ಜಾಹೀರಾತು ಕಂಪನಿಯ ಕೋಡಿನ ತುಂಡು ಇರ್ತದೆ, ಆ ಕಂಪನಿ ತನ್ನ ಕುಕೀ ಇಡ್ತದೆ, ಎರಡೂ ಕಡೆ ಅದೇ ನಂಬರ್ ಕಂಡ್ರೆ ಒಬ್ಬರೇ ಅಂತ ಗೊತ್ತಾಗ್ತದೆ. ಇದಕ್ಕೆ ಥರ್ಡ್ ಪಾರ್ಟಿ ಕುಕೀ ಅಂತಾರೆ. ಆ್ಯಪಲ್‌ನ ಬ್ರೌಸರ್ ಸಫಾರಿ 2020ರಿಂದಲೇ ತಾನಾಗಿ ತಡೀತದೆ, ಕ್ರೋಮ್ ನಿಲ್ಲಿಸ್ತೇವೆ ಅಂತ ಹೇಳಿ 2024ರಲ್ಲಿ ಹಿಂದೆ ಸರೀತು, ಹಾಗಾಗಿ ಅದ್ರಲ್ಲಿ ನೀವೇ ಸೈಟ್ ಸೆಟ್ಟಿಂಗ್ಸಿಗೆ ಹೋಗಿ ಬ್ಲಾಕ್ ಮಾಡ್ಬೇಕು. ಆ್ಯಪ್‌ಗಳಲ್ಲಿ ಈ ಕೆಲ್ಸವನ್ನು ಹೆಚ್ಚಾಗಿ ಅಡ್ವರ್ಟೈಸಿಂಗ್ ಐಡಿ, ಅಂದ್ರೆ ಜಾಹೀರಾತಿಗಾಗಿ ಫೋನಿಗೆ ಕೊಟ್ಟ ನಂಬರ್, ಮಾಡ್ತದೆ, ಆಂಡ್ರಾಯ್ಡ್ ಪ್ರೈವಸಿಯ ಆ್ಯಡ್ಸ್ ಭಾಗದಲ್ಲಿ ಅದನ್ನೂ ಡಿಲೀಟ್ ಮಾಡ್ಬಹುದು. ಕಾಂಟ್ಯಾಕ್ಟು, ಫೋಟೋ ಇದೆಲ್ಲ ಕುಕೀಗೆ ಸಿಗೋದಿಲ್ಲ.

ಪ್ರಶ್ನೆ: ಅಕ್ಷಯ ಕೇಂದ್ರದ ಕಂಪ್ಯೂಟರಲ್ಲಿ ನನ್ನ ಇಮೇಲ್ ತೆರೆದು ವಿಂಡೋ ಮುಚ್ಚಿ ಬಂದೆ. ಸಾಕಾ?
- ಕುಂಬಳೆ

ಉತ್ತರ: ಸಾಲದು. ಲಾಗಿನ್ ಆದ ಗುರುತೂ ಕುಕೀಯಲ್ಲೇ ಇರೋದು, ಅದು ಉಳಿದ್ರೆ ನಂತರ ಕೂತವರಿಗೆ ಪಾಸ್‌ವರ್ಡ್ ಇಲ್ಲದೆ ನಿಮ್ಮ ಇಮೇಲ್ ಓಪನ್ ಆಗ್ತದೆ. ಇವತ್ತೇ ನಿಮ್ಮ ಫೋನಿನಿಂದ ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡೂ ಬದಲಿಸಿ. ಮುಂದಿನ ಸಲ ಇನ್‌ಕಾಗ್ನಿಟೊ ವಿಂಡೋದಲ್ಲಿ (ಮುಚ್ಚಿದ ಮೇಲೆ ಕುಕೀ ಉಳಿಸದ ವಿಂಡೋ) ತೆರೀರಿ, ಎದ್ದು ಬರುವಾಗ ಸೈನ್ ಔಟ್ ಮಾಡಿಯೇ ಬನ್ನಿ.

ಪ್ರಶ್ನೆ: ದುಡ್ಡು ಕಟ್ಟಿ ಆನ್‌ಲೈನ್ ಕೋರ್ಸ್ ಸೇರಿದೆ, ಹೇಳಿದ ಪಾಠ ಅರ್ಧವೂ ಕೊಡ್ಲಿಲ್ಲ. ತಕರಾರಿದ್ರೆ ದೆಹಲಿ ಕೋರ್ಟಿಗೆ ಬನ್ನಿ ಅಂತ ಷರತ್ತಲ್ಲಿ ಇದ್ಯಂತೆ, ನಾನು ಓದದೆ ಒಪ್ಪಿದ್ದೆ.
- ಪೆರ್ಲ

ಉತ್ತರ: ಓದ್ಲಿಲ್ಲ ಅಂತ ಹೇಳಿ ತಪ್ಪಿಸ್ಕೊಳ್ಲಿಕ್ಕೆ ಕಷ್ಟ, ಕಂಪ್ಯೂಟರಲ್ಲಿ ಆದ ಒಪ್ಪಂದ ಅನ್ನುವ ಒಂದೇ ಕಾರಣಕ್ಕೆ ಅದು ಬೀಳೋದಿಲ್ಲ ಅಂತ ಐಟಿ ಕಾಯ್ದೆಯ 10ಎ ಸೆಕ್ಷನ್ ಹೇಳ್ತದೆ. ಆದ್ರೆ ದೆಹಲಿಗೆ ಹೋಗ್ಬೇಕಂತ ಇಲ್ಲ ಮಾರಾಯ್ರೆ. 2019ರ ಗ್ರಾಹಕ ರಕ್ಷಣೆ ಕಾಯ್ದೆಯಲ್ಲಿ ದೂರು ಕೊಡುವವರು ವಾಸ ಇರುವ ಜಿಲ್ಲೆಯಲ್ಲೇ ಕೊಡ್ಬಹುದು, ನಿಮಗೆ ಅದು ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗ. ಷರತ್ತಲ್ಲಿ ಆರ್ಬಿಟ್ರೇಶನ್ (ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಮಾನ) ಅಂತ ಬರೆದಿದ್ರೂ ಆಯೋಗಕ್ಕೆ ಹೋಗುವ ದಾರಿ ಮುಚ್ಚೋದಿಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ತೊಂದರೆ ಆದ ದಿನದಿಂದ 2 ವರ್ಷದ ಒಳಗೆ ದೂರು ಕೊಡಿ. ಷರತ್ತುಗಳ ಪೇಜನ್ನು ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ, ಅವರು ನಾಳೆ ಬದಲಾಯಿಸ್ಬಹುದು, ಜೊತೆಗೆ ದುಡ್ಡು ಕಟ್ಟಿದ ರಸೀದಿ, ಕೋರ್ಸಿನ ಜಾಹೀರಾತು ಎಲ್ಲ ಇಟ್ಕೊಳ್ಳಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡ್ಬೇಕು ಅಂತ ಹೇಳಿ, ಆ ವ್ಯವಸ್ಥೆ ಅಲ್ಲಿ ಉಂಟು.