ಮೆಟ್ರೊ ವಿಸ್ತರಿಸುತ್ತಿದ್ದರೂ ಬೆಂಗಳೂರಿಗರ ಸಂಚಾರದ ಅಳಲು ಏಕೆ ತಗ್ಗುತ್ತಿಲ್ಲ?

ನಗರ ಬೆಳೆದ ವೇಗದಲ್ಲಿ ಸಾರ್ವಜನಿಕ ಸಾರಿಗೆ ಬೆಳೆಯದಿರುವುದೇ ಮುಖ್ಯ ಕಾರಣ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 65 ಲಕ್ಷವಿದ್ದದ್ದು 2011ರ ಜನಗಣತಿಯ ಹೊತ್ತಿಗೆ 96 ಲಕ್ಷ ದಾಟಿತ್ತು. ಮೊದಲ ಮೆಟ್ರೊ ರೈಲು ಓಡಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ.

ಹಳಿ ಹಾಕಿದ ಮಾತ್ರಕ್ಕೆ ಸೇವೆ ದೊರೆತಂತಾಗುವುದಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಸುಮಾರು 19 ಕಿಲೋಮೀಟರ್‌ಗಳ ಹಳದಿ ಮಾರ್ಗವು ರೈಲುಗಳ ಪೂರೈಕೆ ತಡವಾದ ಕಾರಣ ಬಹುಕಾಲ ಕಾದು, 2025ರ ಆಗಸ್ಟ್‌ನಲ್ಲಿ ಆರಂಭವಾದಾಗಲೂ ಕೇವಲ 3 ರೈಲುಗಳಿದ್ದುದರಿಂದ ಪ್ರಯಾಣಿಕರು 25 ನಿಮಿಷಗಳವರೆಗೆ ಕಾಯಬೇಕಾಗಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದ್ದು ಕಡಿಮೆ ಸಂಬಳದವರಿಗೆ, ಅದರಲ್ಲೂ ದಿನವೂ ದೂರ ಓಡಾಡುವವರಿಗೆ, ನಿಜವಾದ ಹೊರೆಯಾಯಿತು.

ಆದರೆ ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ಕೊರತೆ ಇರುವುದು ನಿಲ್ದಾಣದಿಂದ ಮನೆಯವರೆಗಿನ ದಾರಿಯಲ್ಲಿ. ಮೆಟ್ಟಿಲಿಳಿದ ಪ್ರಯಾಣಿಕರಿಗೆ ಹಲವೆಡೆ ಎದುರಾಗುವುದು ಚಪ್ಪಡಿ ಕಿತ್ತುಹೋದ, ಸ್ಕೂಟರ್‌ಗಳು ನಿಂತ ಪಾದಚಾರಿ ಮಾರ್ಗ. ಸಂಪರ್ಕ ಬಸ್ಸು ಹೊತ್ತಿಗೆ ಬಾರದಿದ್ದರೆ, ಮೆಟ್ರೊ ದರಕ್ಕಿಂತ ಹೆಚ್ಚು ಹಣವನ್ನು ಆಟೊಗೆ ತೆರಬೇಕಾಗುತ್ತದೆ. ಹೀಗಾದಾಗ ಜನ ಸ್ವಂತ ವಾಹನಕ್ಕೆ ಮರಳುವುದು ಸಹಜ.

148 ಕಿಲೋಮೀಟರ್‌ಗಳ ಉಪನಗರ ರೈಲು ಯೋಜನೆಗೆ 2022ರಲ್ಲಿ ಶಂಕುಸ್ಥಾಪನೆಯಾದರೂ ಕಾಮಗಾರಿ ಕುಂಟುತ್ತಲೇ ಸಾಗಿದೆ. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ವ್ಯಕ್ತವಾಗಿರುವ ವಿರೋಧವನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು: ಅಷ್ಟು ಹಣ ಕಾರುಗಳಿಗೇಕೆ, ಬಸ್ಸುಗಳಿಗೇಕಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಆರಂಭಿಸಿ, ಮೆಟ್ರೊ ಕಾಮಗಾರಿಯ ನಡುವೆ ಮರೆಯಾದ ಪ್ರತ್ಯೇಕ ಬಸ್ ಪಥವನ್ನು ಮರಳಿ ತರುವುದು ಸುರಂಗಕ್ಕಿಂತ ಬೇಗ, ಕಡಿಮೆ ವೆಚ್ಚದಲ್ಲಿ ಆಗುವ ಕೆಲಸ.