ಕಚ್ಚುವ ಕುದುರೆ, ಅಳುವ ಮಗಳು: ನಾನು ಯಾರ ಕಡೆ ನಿಲ್ಲಲಿ?

ಪ್ರಶ್ನೆ: ನಾವು ಬೆಳಗಾವಿ ಕಡೆಯವರು. 15 ವರ್ಷದಿಂದ ಪುಣೆಯಲ್ಲಿದ್ದೇವೆ. 14 ವರ್ಷದ ಮಗಳಿಗೆ ಕುದುರೆ ಸವಾರಿ ಅಂದ್ರೆ ಪ್ರಾಣ. ಕಳೆದ ವರ್ಷ ರೇಸ್ ಬಿಟ್ಟ 6 ವರ್ಷದ ಗಂಡು ಕುದುರೆಯೊಂದನ್ನು ಕೊಂಡೆವು. ಊರ ಹೊರಗಿನ ಒಂದು ಲಾಯದಲ್ಲಿ ತಿಂಗಳ ಬಾಡಿಗೆಗೆ ಇಟ್ಟಿದ್ದೇವೆ. ದಿನಕ್ಕೆ ಒಂದು ಗಂಟೆ ಹೊರಗೆ ಬಿಡುತ್ತಾರೆ, ಎರಡು ಹೊತ್ತು ಕಾಳು ಹಾಕುತ್ತಾರೆ. ಮೊದಲೆರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಜೀನು ಕಟ್ಟಲು ಹೋದರೆ ಕಿವಿ ಹಿಂದಕ್ಕೆ ಒತ್ತಿಕೊಂಡು ಕಚ್ಚಲು ಬರತೊಡಗಿತು. ಕಾಳು ಹಾಕುವಾಗಲಂತೂ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಹೋದ ವಾರ ಕುದುರೆ ನೋಡಿಕೊಳ್ಳುವ ಸೈಸ್‌ನ ಭುಜ ಕಚ್ಚಿ ರಕ್ತ ಬಂತು. ಮಗಳಿಗೆ ಬೀಳಬೇಕಿದ್ದ ಒದೆ ಸ್ವಲ್ಪದರಲ್ಲಿ ತಪ್ಪಿತು. ಲಾಯದವರು ಮುಳ್ಳಿನ ಕಡಿವಾಣ ಹಾಕಿ ಅಂತಾರೆ. ಮದುವೆ ಮೆರವಣಿಗೆಗೆ ಕುದುರೆ ಕೊಡುವವರೊಬ್ಬರು ಕೊಳ್ಳಲು ಸಿದ್ಧರಿದ್ದಾರೆ. ಯಜಮಾನರು ಇವತ್ತೇ ಕೊಟ್ಟುಬಿಡು ಅಂತಾರೆ. ಕೊಟ್ಟರೆ ನಿಮ್ಮ ಜೊತೆ ಮಾತೇ ಆಡಲ್ಲ ಅಂತ ಮಗಳು ಅಳುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಪುಣೆ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ, ಸೈಸ್ ಏನು ಹೇಳಿದರು ಅನ್ನುವುದು ಮಾತ್ರ ಇಲ್ಲ. ಅವರಿಂದಲೇ ಶುರು ಮಾಡೋಣ. ರಕ್ತ ಬಂದಿದೆ ಅಂದರೆ ಅವರು ಡಾಕ್ಟರ ಹತ್ತಿರ ಹೋಗಿದ್ದಾರಾ? ಹೋಗಿಲ್ಲದಿದ್ದರೆ ಇವತ್ತೇ ನೀವೇ ಕರೆದುಕೊಂಡು ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ. ಕುದುರೆಗೂ ಬರುತ್ತದೆ, ಕುದುರೆಯಿಂದ ಮನುಷ್ಯರಿಗೂ ಬರಬಹುದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಕುದುರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ನಿಮ್ಮ ಕುದುರೆಯ ಸಿಟ್ಟು ತಿಂಗಳುಗಟ್ಟಲೆ ಬೆಳೆದಿದ್ದು, ಹಾಗಾಗಿ ಅದೇ ಇರಲಿಕ್ಕಿಲ್ಲ. ಆದರೆ ಅದನ್ನು ನಾನು, ನೀವು ತೀರ್ಮಾನಿಸುವುದು ಬೇಡ. ರೇಬೀಸ್ ಲಸಿಕೆ, ಧನುರ್ವಾಯು ಚುಚ್ಚುಮದ್ದು ಎರಡರ ಬಗ್ಗೆಯೂ ಡಾಕ್ಟರನ್ನು ಕೇಳಿ. ಖರ್ಚು ನಿಮ್ಮದು. ಅವರು ರಜೆ ಹಾಕಿದ ದಿನಗಳ ಕೂಲಿಯೂ ನಿಮ್ಮದೇ.

ಎರಡನೆಯದು ಮಗಳ ವಿಷಯ. ಕುದುರೆಯ ಸಮಸ್ಯೆ ಏನು ಅಂತ ಗೊತ್ತಾಗುವವರೆಗೆ ಅವಳು ಅದರ ಹತ್ತಿರ ಹೋಗಬಾರದು. ಸವಾರಿ ಬೇಡ, ಮೈ ಉಜ್ಜುವುದೂ ಬೇಡ. ಎಷ್ಟು ಅತ್ತರೂ ಇದರಲ್ಲಿ ಸಡಿಲ ಬಿಡಬೇಡಿ. ರೇಸ್ ಕುದುರೆ ಅಂದರೆ ಸುಮಾರು 450 ಕಿಲೋ ತೂಗುವ ಪ್ರಾಣಿ. ಮುಂದಿನ ಒದೆಯೂ ಹೀಗೇ ತಪ್ಪುತ್ತದೆ ಅಂತ ಹೇಗೆ ನಂಬುವುದು?

ಇನ್ನು ಕುದುರೆ. ಇಟ್ಟುಕೊಳ್ಳಬೇಕಾ, ಕೊಡಬೇಕಾ ಅಂತ ಈ ವಾರವೇ ತೀರ್ಮಾನಿಸಬೇಡಿ. ನೀವು ಬರೆದಿದ್ದನ್ನು ಓದಿದರೆ ನನಗೆ ಕೆಟ್ಟ ಕುದುರೆ ಕಾಣುತ್ತಿಲ್ಲ, ನೋವಿರುವ ಕುದುರೆ ಕಾಣುತ್ತಿದೆ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚುತ್ತದೆ. ಕಾಳು ಹಾಕುವಾಗ ಸಿಡುಕುತ್ತದೆ. ಮೊದಲು ಹೀಗಿರಲಿಲ್ಲ. ಈ ಮೂರೂ ಸೇರಿದರೆ ಮೊದಲು ನೋಡಿಸಬೇಕಾದ್ದು ಹೊಟ್ಟೆಯನ್ನೇ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ, ತಿಂದರೂ ಸುರಿಯುತ್ತದೆ, ತಿನ್ನದಿದ್ದರೂ ಸುರಿಯುತ್ತದೆ. ಅದಕ್ಕೇ ಬಯಲಲ್ಲಿರುವ ಕುದುರೆ ದಿನದ ಹೆಚ್ಚು ಹೊತ್ತು ಮೇಯುತ್ತಲೇ ಇರುತ್ತದೆ. ಎರಡು ಹೊತ್ತು ಕಾಳು ಹಾಕಿ ಉಳಿದ ಹೊತ್ತು ಖಾಲಿ ಗೋಡೆ ನೋಡುತ್ತಾ ನಿಲ್ಲಿಸಿದರೆ ಹೊಟ್ಟೆಯೊಳಗೆ ಹುಣ್ಣಾಗುತ್ತದೆ. ರೇಸ್ ತರಬೇತಿಯಲ್ಲಿರುವ ಕುದುರೆಗಳಲ್ಲಿ ಬಹುಪಾಲಿಗೆ ಈ ಹುಣ್ಣು ಇರುತ್ತದೆ. ನಿಮ್ಮದು ಅಲ್ಲಿಂದಲೇ ಬಂದಿದ್ದು ಅಲ್ವಾ? ಬರುವಾಗಲೇ ತಂದಿರಬಹುದು, ಇಲ್ಲಿ ಹೆಚ್ಚಾಗಿರಬಹುದು.

ಪುಣೆಯಲ್ಲಿ ರೇಸ್ ಕೋರ್ಸ್ ಇರುವುದು ನಿಮಗೆ ಅನುಕೂಲ. ಕುದುರೆಗಳನ್ನೇ ನೋಡುವ ಪಶುವೈದ್ಯರನ್ನು ಹುಡುಕಿ. ನಾಯಿ, ಬೆಕ್ಕಿನ ಡಾಕ್ಟರ್ ಇದಕ್ಕೆ ಸಾಲದು. ಸುಮಾರು 3 ಮೀಟರ್ ಉದ್ದದ ಕ್ಯಾಮೆರಾ ಕೊಳವೆ ಇಳಿಸಿ ಕುದುರೆಯ ಹೊಟ್ಟೆಯೊಳಗೆ ನೋಡುತ್ತಾರೆ. ಹುಣ್ಣು ಸಿಕ್ಕರೆ ಸಾಮಾನ್ಯವಾಗಿ ನಾಲ್ಕು ವಾರ ಔಷಧಿ ಇರುತ್ತದೆ. ಮನೆಯಲ್ಲಿರುವ ಅಸಿಡಿಟಿ ಮಾತ್ರೆ ಕೊಟ್ಟು ನೋಡೋಣ ಅಂತ ಮಾತ್ರ ಹೋಗಬೇಡಿ. ಹಲ್ಲು, ಬೆನ್ನು, ಗೊರಸುಗಳನ್ನೂ ನೋಡಲು ಹೇಳಿ. ಜೀನು ಆ ಬೆನ್ನಿಗೆ ಸರಿಯಾಗಿ ಕೂರುತ್ತದಾ ಅಂತಲೂ ನೋಡಲಿ. ರೇಸ್ ಬಿಟ್ಟ ಮೇಲೆ ಕುದುರೆಯ ಮೈಕಟ್ಟು ಬದಲಾಗುತ್ತದೆ. ಬಂದಾಗ ಸರಿಯಿದ್ದ ಜೀನು ಈಗ ಒತ್ತುತ್ತಿರಬಹುದು.

ವೈದ್ಯರು ಬರುವವರೆಗೂ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ದಿನಕ್ಕೆ 7ರಿಂದ 9 ಕಿಲೋ ಒಣಹುಲ್ಲು ಕೊಡಿಸಿ, ರಾತ್ರಿಯೂ ಮುಂದೆ ಹುಲ್ಲಿರಲಿ. ಕಾಳನ್ನು ನಿಧಾನವಾಗಿ ಕಡಿಮೆ ಮಾಡಿ. ಒಂದು ಗಂಟೆ ಹೊರಗೆ ಬಿಟ್ಟರೆ ಏನೇನೂ ಸಾಲದು. ಬಿಡಲು ಜಾಗವೇ ಇಲ್ಲ ಅಂದರೆ ಲಾಯವನ್ನೇ ಬದಲಾಯಿಸಿ. ಮುಳ್ಳಿನ ಕಡಿವಾಣ ಸೂಚಿಸಿದ್ದೇ ಆ ಜಾಗ ಬಿಡಲು ನನಗೆ ಸಾಕಾದ ಕಾರಣ. ಅದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ನಾಲಿಗೆ, ತುಟಿ ಹರಿದುಹೋಗುತ್ತದೆ. ನೋವಿನಿಂದ ಕಚ್ಚುವ ಪ್ರಾಣಿಗೆ ಇನ್ನಷ್ಟು ನೋವು ಕೊಟ್ಟರೆ ಅದು ಮನುಷ್ಯರನ್ನು ನಂಬುವುದಾದರೂ ಹೇಗೆ?

ಗಂಡು ಕುದುರೆ ಅಂತ ಬರೆದಿದ್ದೀರಿ, ಬೀಜ ತೆಗೆಸಿದ್ದೀರಾ ಅಂತ ಬರೆದಿಲ್ಲ. ತೆಗೆಸಿಲ್ಲದಿದ್ದರೆ ವೈದ್ಯರ ಜೊತೆ ಮಾತಾಡಿ. ಬೀಜವಿರುವ ಗಂಡನ್ನು 14ರ ಹುಡುಗಿಯ ಕೈಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಆಪರೇಷನ್ ಆದ ಮರುದಿನವೇ ಸಾಧುವಾಗುತ್ತದೆ ಅಂತ ಎಣಿಸಬೇಡಿ. ಬದಲಾವಣೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ರೂಢಿಯಾದ ನಡತೆ ಸ್ವಲ್ಪ ಉಳಿದುಕೊಳ್ಳಲೂಬಹುದು.

ಇಷ್ಟಕ್ಕೆಲ್ಲ ಮೂರು ತಿಂಗಳ ಗಡುವು ಇಟ್ಟುಕೊಳ್ಳಿ. ಈ ಅವಧಿಯಲ್ಲಿ ಅನುಭವವಿರುವ ತರಬೇತುದಾರರೊಬ್ಬರು ಮಾತ್ರ ಅದನ್ನು ನಿಭಾಯಿಸಲಿ. ಯಾವತ್ತು, ಏನು ಮಾಡುವಾಗ ಕಚ್ಚಲು ಬಂತು ಅಂತ ಸೈಸ್‌ಗೆ ಕೇಳಿ ಬರೆದಿಡಿ. ದಿನವೂ ಅದರ ಪಕ್ಕದಲ್ಲಿ ನಿಲ್ಲುವವರು ಅವರು. ಕೊನೆಯಲ್ಲಿ ಅವರು "ಈಗ ಭಯವಿಲ್ಲ" ಅಂದರೆ ಇಟ್ಟುಕೊಳ್ಳಿ. ನೋವೆಲ್ಲ ವಾಸಿಯಾದ ಮೇಲೂ ಅವರು ಹೆದರಿಕೊಂಡೇ ಒಳಗೆ ಹೋಗಬೇಕು ಅನ್ನುವುದಾದರೆ ಆ ಕುದುರೆ ನಿಮ್ಮ ಮನೆಗಲ್ಲ. ಮಗಳ ಪ್ರೀತಿಗಾಗಿ ಇನ್ನೊಬ್ಬರ ಮಗ ದಿನವೂ ಜೀವ ಪಣಕ್ಕಿಡುವುದು ನ್ಯಾಯವಲ್ಲ.

ಕೊಡುವುದೇ ಆದರೂ ಮೆರವಣಿಗೆಯವರಿಗೆ ಬೇಡ. ಬ್ಯಾಂಡು, ಪಟಾಕಿ, ಸುತ್ತ ಕುಣಿಯುವ ಮಕ್ಕಳು. ನಿಮ್ಮ ಮಗಳಿಗೆ ತಪ್ಪಿದ ಒದೆ ಅಲ್ಲಿ ಯಾರದೋ ಮಗುವಿಗೆ ಬೀಳುತ್ತದೆ. ಮಾಥೇರಾನ್‌ನಂಥ ಕಡೆ ಪ್ರವಾಸಿಗರನ್ನು ಹೊರುವ ಕೆಲಸಕ್ಕೂ ಇದೇ ಮಾತು. ದೊಡ್ಡ ಬಯಲಿರುವ, ಇಂಥ ಕುದುರೆಗಳನ್ನು ಪಳಗಿಸಿ ಗೊತ್ತಿರುವವರಿಗೆ ಕೊಡಿ. ಕಚ್ಚಿದ್ದು, ಒದ್ದಿದ್ದು, ವೈದ್ಯರು ಹೇಳಿದ್ದು ಎಲ್ಲವನ್ನೂ ಕಾಗದದಲ್ಲಿ ಬರೆದು ಕೊಡಿ. ಅದರಿಂದ ಬೆಲೆ ಬಿದ್ದರೆ ಬೀಳಲಿ. ಒಂದು ವೇಳೆ ವಾಸಿಯಾಗದ ನೋವು ಅಂತ ವೈದ್ಯರೇ ಹೇಳಿ, ದಯಾಮರಣದ ಮಾತೆತ್ತಿದರೆ, ಅದನ್ನೂ ಕಿವಿಗೊಟ್ಟು ಕೇಳಿ. ಕೈಯಿಂದ ಕೈಗೆ ಮಾರಾಟವಾಗುತ್ತಾ, ಏಟು ತಿನ್ನುತ್ತಾ ಬದುಕುವುದಕ್ಕಿಂತ ಅದು ಕ್ರೂರವೇನಲ್ಲ.

ಮಗಳಿಗೆ ಇದೆಲ್ಲವನ್ನೂ ಮುಚ್ಚಿಡದೆ ಹೇಳಿ. ಅವಳು ಶಾಲೆಗೆ ಹೋದಾಗ ಕುದುರೆಯನ್ನು ಸಾಗಹಾಕುವುದು ಮಾತ್ರ ಬೇಡವೇ ಬೇಡ. ನಿರ್ಧಾರ ದೊಡ್ಡವರದು ಅಂತ ಸ್ಪಷ್ಟವಾಗಿ ತಿಳಿಸಿ, ಆ ಭಾರ ಅವಳ ತಲೆ ಮೇಲೆ ಬೇಡ. ವೈದ್ಯರು ಬರುವ ದಿನ ಯಜಮಾನರೂ ಅವಳೂ ಇಬ್ಬರೂ ಲಾಯಕ್ಕೆ ಬರಲಿ, ಬೇಲಿಯಾಚೆ ನಿಂತು ನೋಡಲಿ, ಕೇಳಬೇಕಾದ್ದನ್ನು ವೈದ್ಯರನ್ನೇ ಕೇಳಲಿ. ಹೊಟ್ಟೆಯ ಹುಣ್ಣನ್ನು ಕಣ್ಣಾರೆ ಕಂಡರೆ ಯಜಮಾನರ ಸಿಟ್ಟೂ ಇಳಿಯಬಹುದು. ಅವಳಿಗೂ, ತನ್ನ ಮೇಲೆ ಅದಕ್ಕೆ ದ್ವೇಷವಿರಲಿಲ್ಲ ಅಂತ ಗೊತ್ತಾಗುತ್ತದೆ.